ಅಕ್ಕ ಮಾಡಿದ ಬಣ್ಣದ ಪುಸ್ತಕಗಳು

ಆ ವರ್ಷ ಶ್ರಾವಣ ಶುರುವಾಗಿ ವಾರ ಕಳೆದರೂ ನಮ್ಮ ಅಂಗಡಿಗೆ ಬಂದ ಹೆಂಗಸರು ಹುಕ್ಕು, ದಾರ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಬ್ಲೌಸಿನ ಬಟ್ಟೆಯ ಕಪಾಟಿನ ಕಡೆ ಕಣ್ಣೆತ್ತಿ ನೋಡುವವರೇ ಇರಲಿಲ್ಲ. ಮೋಕ ಹಳ್ಳಿಯಿಂದ ಬರುವ ಹಳೆಯ ಗಿರಾಕಿಯೊಬ್ಬಳು ಒಂದು ದಿನ ಪ್ಲಾಸ್ಟಿಕ್ ಕವರಿನಲ್ಲಿದ್ದ ಹೊಸ ಸೀರೆಯನ್ನು ಕೌಂಟರಿನ ಮೇಲಿಟ್ಟಳು.

"ಫೋನಿನ್ಯಾಗ ತರಿಸಿದ್ದು ರೀ ಇದು. ಬ್ಲೌಸ್ ಪೀಸೂ ಇದರಾಗ ಐತಿ. ಒಂದು ಡಜನ್ ಹುಕ್ಕು ಕೊಡ್ರಿ, ಸಾಕು."

ಗಲ್ಲೆಯ ಮೇಲಿದ್ದ ಅಕ್ಕ ಸೀರೆ ಬಿಡಿಸಿ, ಅದರ ತುದಿಗಿದ್ದ ಬ್ಲೌಸ್ ಪೀಸನ್ನು ಗೇಣಿನಿಂದ ಅಳೆದಳು. "ಇದು ನಿನಗ ಸಾಲಂಗಿಲ್ಲವ್ವ. ತೋಳಿಗೆ ಬಟ್ಟಿ ಕಡಿಮಿ ಬೀಳ್ತೈತಿ. ತೆಳುವೂ ಐತಿ, ಲೈನಿಂಗ್ ಬೇಕು."

"ನಮ್ಮೂರ ಟೇಲರ್ ಹೆಂಗಾರ ಮಾಡಿ ಹೊಲಿತಾನ ಬಿಡಕ್ಕ," ಎಂದು ಅವಳು ನಕ್ಕು ಹುಕ್ಕಿನ ಪೊಟ್ಟಣ ಹಿಡಿದು ಇಳಿದು ಹೋದಳು.

ನಮ್ಮದು ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿರುವ ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತರುತ್ತಾರೆ, ನಾವು ಅದಕ್ಕೆ ಹೊಂದುವ ಬ್ಲೌಸಿನ ಬಟ್ಟೆ, ಲೈನಿಂಗ್, ಲಂಗ, ಫಾಲ್ಸ್ ಹುಡುಕಿ ಕೊಡುತ್ತೇವೆ. ಅಂಗಡಿ ಹಾಕಿದವರು ನನ್ನ ಗಂಡನ ಅಣ್ಣ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಗಲ್ಲೆಯ ಮೇಲೆ ಕೂತಳು. ಒಂದೇ ಮನೆಗೆ ಬಂದ ಸೊಸೆಯರು ನಾವು, ಆಕೆ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನಾನು ಮೊದಲಿನಿಂದಲೂ ಅಕ್ಕ ಎನ್ನುತ್ತೇನೆ. ನನ್ನ ಗಂಡ ಶಾಲೆಯೊಂದರಲ್ಲಿ ಗುಮಾಸ್ತ. ನಾನು ಬಿ.ಕಾಂ. ಓದಿದ್ದೆನೆಂಬ ಕಾರಣಕ್ಕೆ ಅಂಗಡಿಯ ಬಿಲ್ಲು, ಫೋನು, ಇಂಗ್ಲಿಷ್ ಕಾಗದಗಳು ನನ್ನ ಪಾಲಿಗೆ ಬಂದವು. ಬಣ್ಣ ಆಕೆಯದು.

ಆಕೆ ಬಣ್ಣ ನೋಡುವ ರೀತಿಯನ್ನು ಹೇಳಬೇಕು. ಟ್ಯೂಬ್‌ಲೈಟಿನ ಕೆಳಗೆ ಯಾವ ಸೀರೆಯನ್ನೂ ಆಕೆ ಹೊಂದಿಸುತ್ತಿರಲಿಲ್ಲ. ಸೀರೆ ಎತ್ತಿಕೊಂಡು ಹೊಸ್ತಿಲಿಗೆ ಬರುತ್ತಿದ್ದಳು. ಸೆರಗಿನ ಅಂಚಿನಿಂದ ಒಂದೆಳೆ ಎಳೆದು, ಅದನ್ನು ಥಾನಿನ, ಅಂದರೆ ಬಟ್ಟೆಯ ಸುರುಳಿಯ, ಮೇಲೆ ಮಲಗಿಸಿ, ಎಳೆ ಕಾಣದಂತಾದರೆ ಮಾತ್ರ "ಇದs" ಎನ್ನುತ್ತಿದ್ದಳು. ಈರುಳ್ಳಿ ಸಿಪ್ಪೆ ಬಣ್ಣದಲ್ಲೇ ಆಕೆಗೆ ಐದು ಬಗೆ ಗೊತ್ತಿದ್ದವು. ಸೀರೆ ಮರೆತು ಬಂದ ಗಿರಾಕಿಗೂ, "ದೀಪಾವಳಿಗೆ ಉಟ್ಕೊಂಡು ಬಂದಿದ್ಯಲ್ಲ, ಆ ಬದನಿಕಾಯಿ ಸೀರಿಗೇನು?" ಎಂದು ಕೇಳಿ ಸರಿಯಾದ ಥಾನನ್ನೇ ಇಳಿಸುತ್ತಿದ್ದಳು.

ಮೋಕದ ಗಿರಾಕಿ ಹೋದ ವಾರದಲ್ಲೇ ನಾನೊಂದು ನಿರ್ಧಾರ ಮಾಡಿದೆ. ನಾವೂ ಆನ್‌ಲೈನ್‌ನಲ್ಲಿ ಮಾರೋಣ ಎಂದೆ. ಅಕ್ಕ ಬೇಡ ಎನ್ನಲಿಲ್ಲ. ಒಂದು ದೊಡ್ಡ ಕಂಪನಿಯಲ್ಲಿ ಖಾತೆ ತೆರೆದು, ನಲವತ್ತು ಬಣ್ಣಗಳ ಫೋಟೋ ತೆಗೆದು ಹಾಕಿದೆ. ಅವರು ಹೇಳಿದ ಅಳತೆಯ ಕವರು, ಅವರು ಹೇಳಿದ ಹೊತ್ತಿನೊಳಗೆ ಪ್ಯಾಕಿಂಗ್. ಹಬ್ಬದ ರಿಯಾಯಿತಿ ಎಂದು ಅವರೇ ಬೆಲೆ ಇಳಿಸಲು ಹೇಳುತ್ತಿದ್ದರು. ಇಳಿಸದಿದ್ದರೆ ನಮ್ಮ ಬಟ್ಟೆ ಹುಡುಕಿದವರಿಗೂ ಕಾಣುತ್ತಿರಲಿಲ್ಲ. ಮೊದಲ ಹದಿನೈದು ದಿನ ಆರ್ಡರು ಬಂದವು. ಆಮೇಲೆ ಬಟ್ಟೆಗಳೇ ವಾಪಸು ಬರತೊಡಗಿದವು. ಒಂದು ತುಂಡಿಗೆ ಅರಿಶಿನ ಮೆತ್ತಿತ್ತು, ಇನ್ನೊಂದನ್ನು ಯಾರೋ ಅಳತೆಗೆ ಕತ್ತರಿಸಿ ನೋಡಿ ಮಡಚಿ ಕಳಿಸಿದ್ದರು. ಕಾರಣ ಎಲ್ಲದರಲ್ಲೂ ಒಂದೇ, ಫೋಟೋದಲ್ಲಿ ಕಂಡ ಬಣ್ಣ ಇದಲ್ಲ. ಒಂದು ತಿಂಗಳಾಗುವುದರೊಳಗೆ ನಮ್ಮ ಅಂಗಡಿಯ ಹೆಸರಿನ ಮುಂದಿನ ನಕ್ಷತ್ರಗಳು ಒಂದೂವರೆಗೆ ಇಳಿದು, ಖಾತೆಯನ್ನು ತಡೆಹಿಡಿದಿದ್ದೇವೆ ಎಂಬ ಮೇಲ್ ಬಂತು.

ನಾನು ಅತ್ತುಬಿಟ್ಟೆ. ಅಕ್ಕ ವಾಪಸು ಬಂದ ತುಂಡುಗಳನ್ನು ಒಂದೊಂದಾಗಿ ಇಸ್ತ್ರಿ ಮಾಡುತ್ತಾ ನಿಂತಿದ್ದಳು.

"ಅವರನ್ನ ಯಾಕ ಬೈತಿ? ಅವರು ಹೇಳಿದ್ದು ಖರೇನs ಐತಿ. ಬಣ್ಣ ಫೋನಿನ್ಯಾಗ ಬರಂಗಿಲ್ಲ. ಬಟ್ಟಿನs ಹೋಗಬೇಕು."

"ಎಲ್ಲಿಗೆ ಹೋಗಬೇಕು ಅಕ್ಕ?"

"ಸೀರಿ ಎಲ್ಲಿಗೆ ಹೋಗ್ತಾವು? ಫೋನಿನ್ಯಾಗ ತರಿಸ್ಲಿ, ಅಂಗಡ್ಯಾಗ ತರ್ಲಿ, ಕಡೀಕ ಟೇಲರ್ ಮನಿಗೇ ಬರ್ತಾವಲ್ಲ."

ಹಳ್ಳಿ ಹಳ್ಳಿಯ ಟೇಲರುಗಳ ಕೈಗೆ ನಮ್ಮ ಕಪಾಟನ್ನೇ ಕೊಟ್ಟುಬಿಡುವುದು, ಇದು ಆಕೆಯ ಆಲೋಚನೆ. ಪ್ರತಿ ಥಾನಿನಿಂದ ಮೂರು ಬೆರಳಗಲದ ತುಂಡು ಕತ್ತರಿಸಿ, ಪುಸ್ತಕಕ್ಕೆ ಅಂಟಿಸಿ, ನಂಬರು ಬರೆಯುವುದು. ಟೇಲರು ಸೀರೆಯನ್ನು ಆ ತುಂಡಿನ ಪಕ್ಕ ಹಿಡಿದು ನೋಡಿ, ನಂಬರು ಮತ್ತು ಅಳತೆಯನ್ನು ಫೋನಿನಲ್ಲಿ ಹೇಳಿದರೆ ಮರುದಿನ ಬೆಳಗಿನ ಬಸ್ಸಿಗೆ ಬಟ್ಟೆ ಹೋಗುತ್ತದೆ. ಹಳ್ಳಿಯ ಹೆಂಗಸು ಒಂದು ಮೀಟರ್ ಲೈನಿಂಗಿಗಾಗಿ ಕೂಲಿ ಬಿಟ್ಟು ಬಳ್ಳಾರಿಗೆ ಬರಬೇಕಿಲ್ಲ. ದೊಡ್ಡ ಕಂಪನಿಯವರು ಈ ಕೆಲಸ ಮಾಡಲಾರರು ಎಂದು ನನಗೆ ಆಗಲೇ ಗೊತ್ತಾಯಿತು.

ಮೊದಲ ಪುಸ್ತಕಗಳನ್ನು ಮಾಡಲು ಇಪ್ಪತ್ತು ದಿನ ಹಿಡಿಯಿತು. ನಾನು ತುಂಡುಗಳ ನಾಲ್ಕೂ ಅಂಚಿಗೆ ಅಂಟು ಹಚ್ಚಿದ್ದೆ. ಅಕ್ಕ ಕಿತ್ತುಹಾಕಿದಳು. "ಮ್ಯಾಲಿನ ಅಂಚಿಗಷ್ಟs ಹಚ್ಚು. ತುಂಡು ಎತ್ತಿ ಸೀರಿ ಮ್ಯಾಲೆ ಹಾಕಾಕ ಬರ್ಬೇಕು." ಎಳೆ ಬಿಚ್ಚದಂತೆ ಹಲ್ಲುಕತ್ತರಿಯಲ್ಲೇ ಕತ್ತರಿಸಬೇಕು ಎಂದಳು. ಎಲ್ಲಕ್ಕಿಂತ ಕಷ್ಟದ ನಿಯಮವನ್ನೂ ಆಕೆಯೇ ಮಾಡಿದಳು. ಒಂದು ಬಣ್ಣದ ಥಾನು ಮುಗಿದು ಹೊಸದು ಬಂದಾಗ ಅದೇ ನಂಬರಾದರೂ ಗಿರಣಿಯ ಬಣ್ಣ ತುಸು ಬದಲಾಗಿರುತ್ತದೆ. ಹೊಸ ಥಾನನ್ನು ಹಳೆಯ ತುಂಡಿನ ಜೊತೆ ಬಿಸಿಲಿನಲ್ಲಿ ಹಿಡಿದು ನೋಡಬೇಕು. ಬೇರೆಯಾಗಿದ್ದರೆ ಎಲ್ಲ ಪುಸ್ತಕಗಳಲ್ಲೂ ತುಂಡು ಬದಲಾಯಿಸಬೇಕು. ಆ ನೋಡುವ ಕೆಲಸ ಆಕೆಯೊಬ್ಬಳದೇ.

ಮೊದಲು ಹೋದದ್ದು ಸಿರುಗುಪ್ಪಕ್ಕೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಒಬ್ಬ ಹಿರಿಯ ಟೇಲರ್ ಇದ್ದರು. ಪುಸ್ತಕವನ್ನು ತಿರುವಿ ಹಾಕಿ, "ಇಂಥಾ ಕಾರ್ಡ್ ಬಾಳ ನೋಡೀನಿ ರೀ. ಕಾರ್ಡಿನ್ಯಾಗ ಒಂದು, ಬರೋ ಬಟ್ಟಿ ಇನ್ನೊಂದು," ಎಂದರು. ಗೋಡೆಗೆ ತೂಗುಹಾಕಿದ್ದ ಒಂದು ಸೀರೆಯನ್ನು ಅಕ್ಕನ ಮುಂದೆ ಹಾಕಿ, "ಇದಕ್ಕ ಯಾವ ನಂಬರ್ ಹೇಳ್ರಿ ನೋಡೋಣ," ಎಂದು ಪುಸ್ತಕ ಮುಚ್ಚಿ ಹಿಡಿದುಕೊಂಡರು. ಅಕ್ಕ ಸೀರೆಯನ್ನು ಬಾಗಿಲಿಗೆ ಒಯ್ದು ನೋಡಿ ಎಪ್ಪತ್ತೆರಡು ಎಂದಳು. ಪುಸ್ತಕ ತೆಗೆದು ತುಂಡನ್ನು ಸೀರೆಯ ಮೇಲೆ ಹಾಕಿದಾಗ ಅದು ಎಲ್ಲಿದೆ ಎಂದು ಹುಡುಕಬೇಕಾಯಿತು. ಟೇಲರ್ ಆಕೆಗೆ ಕುರ್ಚಿ ಹಾಕಿ ಚಹಾ ತರಿಸಿದರು.

ಕುರುಗೋಡಿನಲ್ಲಿ ಮನೆಯಲ್ಲೇ ಹೊಲಿಯುವ ಒಬ್ಬ ಟೇಲರಮ್ಮ ಪುಸ್ತಕ ಇಟ್ಟುಕೊಂಡಳು. ಪಕ್ಕದ ಬಾದನಹಟ್ಟಿಯ ಹೊಲಿಗೆಯೂ ಬಹುಪಾಲು ಆಕೆಯ ಕೈಯಲ್ಲೇ ಇತ್ತು. ಆಕೆ ಇನ್ನೂ ಮೂವರಿಗೆ ಹೇಳಿದಳು. ದೀಪಾವಳಿಯ ಹೊತ್ತಿಗೆ ಹದಿನಾಲ್ಕು ಪುಸ್ತಕಗಳು ಹೊರಗಿದ್ದವು. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದು, ಒಂಬತ್ತೂವರೆಯ ಬಸ್ಸಿಗೆ ಪೊಟ್ಟಣಗಳನ್ನು ಹಾಕಿ ಬರುವಷ್ಟರಲ್ಲಿ ನನಗೆ ಉಸಿರಾಡಲೂ ಪುರುಸೊತ್ತಿರುತ್ತಿರಲಿಲ್ಲ. ನಾವು ಬದುಕಿಕೊಂಡೆವು ಎಂದು ನಾನು ಗಂಡನ ಮುಂದೆ ಹೇಳಿದ್ದು ನೆನಪಿದೆ.

ಅದೇ ದಿನಗಳಲ್ಲಿ ಅಕ್ಕ ತನ್ನ ಸ್ಟೂಲನ್ನು ಕೌಂಟರಿನ ಹಿಂದಿನಿಂದ ಹೊಸ್ತಿಲಿಗೆ ತಂದುಕೊಂಡಳು. ಆಮೇಲೆ ಹೊಸ್ತಿಲಿನಿಂದ ಹೊರಗೆ, ಓಣಿಗೆ. "ಒಳಗ ಸೆಕಿ ಆಗ್ತೈತಿ," ಎನ್ನುತ್ತಿದ್ದಳು. ಆಗಾಗ ಒಂದು ಥಾನು ಎತ್ತಿ, "ಇದು ಯಾವ ಬಣ್ಣ ಹೇಳು ನೋಡೋಣ," ಎಂದು ನನ್ನನ್ನು ಕೇಳುತ್ತಿದ್ದಳು. ಕಲಿಸುತ್ತಿದ್ದಾಳೆ ಎಂದುಕೊಂಡು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ತಪ್ಪಾದರೆ ಆಕೆ ತಿದ್ದುತ್ತಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆಕೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ತಾನೊಬ್ಬಳೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಬಂದವಳೇ ಚೀಟಿಯನ್ನು ನನ್ನ ಕೈಗಿಟ್ಟಳು.

"ಏನ್ ಬರದಾರ ನೋಡು."

ಇಂಗ್ಲಿಷಿನಲ್ಲಿತ್ತು. ಕಣ್ಣಿನ ಹಿಂಬದಿಯ ಪರದೆಯಲ್ಲಿ ರಕ್ತ ಸೋರುತ್ತಿದೆ, ಎರಡೂ ಕಣ್ಣಿಗೆ ಲೇಸರ್ ಆಗಬೇಕು, ಒಂದು ವಾರದೊಳಗೆ ಶುರುವಾಗಬೇಕು. ‘ಒಂದು ವಾರದೊಳಗೆ’ ಎಂಬುದರ ಕೆಳಗೆ ಗೆರೆ ಎಳೆದಿದ್ದರು. ನನ್ನ ಮುಂದೆ ಕೌಂಟರಿನ ಮೇಲೆ ಸಿರುಗುಪ್ಪದ ಇಪ್ಪತ್ತಾರು ಪೊಟ್ಟಣಗಳಿದ್ದವು. ಮದುವೆಗಳು ಶುರುವಾಗಿದ್ದವು, ಗಿರಣಿಯಿಂದ ಹೊಸ ಥಾನುಗಳು ಬಂದು ಗಂಟು ಬಿಚ್ಚದೆ ಬಿದ್ದಿದ್ದವು. ಅವನ್ನು ಆಕೆಯೇ ನೋಡಬೇಕು.

"ಲೇಸರ್ ಮಾಡಿಸ್ಬೇಕಂತ ಅಕ್ಕ. ಈ ಲಗ್ನದ ಸೀಸನ್ ಒಂದು ಮುಗೀಲಿ, ಇಬ್ರೂ ಕೂಡಿ ಹೋಗೋಣ."

"ಹೂಂ," ಎಂದು ಅಕ್ಕ ಥಾನಿನ ಗಂಟಿಗೆ ಕೈ ಹಾಕಿದಳು.

ಚೀಟಿಯನ್ನು ನಾನು ಬಿಲ್ಲಿನ ಡ್ರಾವರಿನಲ್ಲಿಟ್ಟೆ. ಮರೆತೆ ಎಂದು ಹೇಳಲಾರೆ. ದಿನವೂ ಆ ಡ್ರಾವರ್ ತೆಗೆಯುತ್ತಿದ್ದೆ.

ಏಳು ವಾರಗಳ ನಂತರ ಒಂದು ಬೆಳಿಗ್ಗೆ ಕುರುಗೋಡಿನ ಟೇಲರಮ್ಮ ಫೋನ್ ಮಾಡಿದಳು. ಬಾದನಹಟ್ಟಿಯ ಒಂದು ಮದುವೆಗೆ ಒಂಬತ್ತು ಹೆಂಗಸರು ಒಂದೇ ಬಗೆಯ ಸೀರೆ ತೆಗೆದುಕೊಂಡಿದ್ದರು, ನೀಲಿ ಹಸಿರಿನ ನಡುವಿನ ರಾಮಾ ಗ್ರೀನ್. ಪುಸ್ತಕ ನೋಡಿ ಆಕೆ ಅರವತ್ತನಾಲ್ಕನೇ ನಂಬರು ಹೇಳಿದ್ದಳು, ನಾನು ಒಂಬತ್ತು ಪೀಸು ಕಳಿಸಿದ್ದೆ. ರಾತ್ರಿ ದೀಪದಲ್ಲಿ ಐದು ಬ್ಲೌಸು ಹೊಲಿದಾದ ಮೇಲೆ ಮದುಮಗಳ ತಾಯಿ ಬಂದು ಅಂಗಳದ ಬಿಸಿಲಿನಲ್ಲಿ ಸೀರೆಯ ಜೊತೆ ಹಿಡಿದು ನೋಡಿದ್ದಾಳೆ. ಬ್ಲೌಸು ಬರೀ ನೀಲಿ. ಮದುವೆಗೆ ನಾಲ್ಕು ದಿನ.

"ಫೋಟೋದಾಗ ಹಸಿರು, ಕೈಯಾಗ ನೀಲಿ ಅಂತ ಆ ಕಂಪನಿಯೋರ್ನ ಬೈತಿದ್ವಿ," ಎಂದಳು ಟೇಲರಮ್ಮ. "ಈಗ ನೀವೂ ಹಂಗs ಮಾಡಿದ್ರಲ್ಲಮ್ಮ. ನಾ ಆ ತಾಯಿಗೆ ಏನ್ ಹೇಳ್ಲಿ?"

ಫೋನ್ ಇಟ್ಟು ಅರವತ್ತನಾಲ್ಕನೇ ಥಾನನ್ನು ಓಣಿಗೆ ಒಯ್ದು, ಅಂಗಡಿಯ ಪುಸ್ತಕದ ತುಂಡಿನ ಪಕ್ಕ ಹಿಡಿದೆ. ಮಗುವಿಗೂ ಗೊತ್ತಾಗುವಷ್ಟು ಬೇರೆ. ಪುಸ್ತಕದ್ದು ಹಳೆಯ ಥಾನಿನ ತುಂಡು. ಹೊಸ ಥಾನನ್ನು ಅಕ್ಕ ಸರಿಯಿದೆ ಎಂದು ಒಳಗೆ ಹಾಕಿದ್ದಳು. ದಿನವೂ ಕತ್ತರಿಸುತ್ತಿದ್ದ ನಾನು ಥಾನಿಗೆ ಅಂಟಿಸಿದ ಚೀಟಿಯ ನಂಬರು ನೋಡುತ್ತಿದ್ದೆನೇ ಹೊರತು ಬಟ್ಟೆ ನೋಡುತ್ತಿರಲಿಲ್ಲ. ಆ ಸೀಸನ್ನಿನಲ್ಲಿ ಬಂದ ಥಾನುಗಳನ್ನೆಲ್ಲ ಹೊರಗೆ ತಂದೆ. ಹನ್ನೊಂದು ನಂಬರು ತಪ್ಪಿದ್ದವು. ಕೆನೆ ಇದ್ದಲ್ಲಿ ತಿಳಿ ಹಳದಿ, ಕಪ್ಪು ಇದ್ದಲ್ಲಿ ಕಡು ನೀಲಿ.

ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಇಬ್ಬರು ಗಿರಾಕಿಗಳಿದ್ದರು. ನಾನು ಥಾನನ್ನು ಆಕೆಯ ತೊಡೆಯ ಮೇಲೆ ಎಸೆದೆ.

"ಕಣ್ಣು ಎಲ್ಲಿಟ್ಟಿದ್ದಿ ಅಕ್ಕ? ಇದು ಹಸಿರೇನು?"

ಆಕೆ ಥಾನನ್ನು ನೋಡಲಿಲ್ಲ. ಬಟ್ಟೆಯ ಮೇಲೆ ಅಂಗೈ ಆಡಿಸಿದಳು.

"ಎಡಗಣ್ಣಿನ್ಯಾಗ ಏನೂ ಇಲ್ಲ," ಎಂದಳು. "ಬಲಗಣ್ಣಿನ್ಯಾಗ ಒಂದೀಟು ಐತಿ. ಹಸಿರು ನೀಲಿ ಎರಡೂ ಒಂದs ಆಗ್ಯಾವು."

ಗಿರಾಕಿಗಳು ಏನನ್ನೂ ಕೊಳ್ಳದೆ ಇಳಿದು ಹೋದರು. ಅಕ್ಕ ಥಾನನ್ನು ಸುತ್ತಿ ನನ್ನ ಕಡೆ ಚಾಚಿದಳು. "ಮೊದಲು ಬಾದನಹಟ್ಟಿದು ನೋಡು. ಮದುವಿ ಮನಿ ಐತಿ."

ಆಕೆ ಹೇಳಿದಂತೆಯೇ ಮಾಡಿದೆ. ಆಕೆಯನ್ನು ಅಲ್ಲೇ ಬಿಟ್ಟು ಸಗಟು ಅಂಗಡಿಗಳನ್ನು ಸುತ್ತಿ, ಸರಿಯಾದ ಬಟ್ಟೆ ಹುಡುಕಿ, ಮಧ್ಯಾಹ್ನದ ಬಸ್ಸಿಗೆ ಕುರುಗೋಡಿಗೆ ಹೋದೆ. ಟೇಲರಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಒಂಬತ್ತು ಪೀಸುಗಳನ್ನು ಒಂದೊಂದಾಗಿ ಸೀರೆಯ ಎಳೆಯ ಜೊತೆ ಹಿಡಿದು ನೋಡಿದೆ. ಆಟೋದಲ್ಲಿ ಬಾದನಹಟ್ಟಿಗೆ ಹೋಗಿ ಮದುಮಗಳ ತಾಯಿಯ ಮುಂದೆ ಕೈ ಮುಗಿದೆ. ಆಕೆ ಒರಟಾಗಿ ಮಾತಾಡಲಿಲ್ಲ. "ಊಟದ ಹೊತ್ತಾಗೈತಿ, ಉಂಡು ಹೋಗವ್ವ," ಎಂದಳು. ಎರಡು ತುತ್ತು ಉಂಡು ಎದ್ದೆ. ಟೇಲರಮ್ಮ ಎರಡು ದಿನ ಬೇರೆ ಕೆಲಸ ಬದಿಗಿಟ್ಟು ಒಂಬತ್ತನ್ನೂ ಹೊಸದಾಗಿ ಹೊಲಿದುಕೊಟ್ಟಳು. ಮದುವೆ ಚೆನ್ನಾಗಿಯೇ ಆಯಿತಂತೆ.

ಅಕ್ಕನನ್ನು ಡಾಕ್ಟರ ಹತ್ತಿರ ಕರೆದೊಯ್ದದ್ದು ನಾನು ಬಾದನಹಟ್ಟಿಯಿಂದ ಬಂದ ಮರುದಿನ. ಅವರು ಹಳೆಯ ಚೀಟಿ ಕೇಳಿದರು. ತೆಗೆದುಕೊಟ್ಟೆ. ತಾರೀಕು ನೋಡಿ ನನ್ನ ಮುಖ ನೋಡಿದರು. ಎಡಗಣ್ಣಿನ ಪರದೆ ಕಿತ್ತು ಬಂದಿದೆ, ಇನ್ನು ಅದಕ್ಕೆ ಮಾಡುವಂಥದ್ದೇನಿಲ್ಲ, ಬಲಗಣ್ಣಿಗೆ ಲೇಸರ್ ಮತ್ತು ಇಂಜೆಕ್ಷನ್ ಕೊಟ್ಟು ನೋಡೋಣ ಎಂದರು. ಆಗ ಮಾಡಿಸಿದ್ದರೆ ಉಳಿಯುತ್ತಿತ್ತೇ ಎಂದು, ಅಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದು ಕೇಳಿದೆ. "ಬಹಳ ಮಟ್ಟಿಗೆ ಉಳಿಯುತ್ತಿತ್ತಮ್ಮ," ಎಂದರು.

ಅದನ್ನು ಹದಿನೈದು ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಒಂದು ಮಧ್ಯಾಹ್ನ ಮನೆಯಲ್ಲಿ ಆಕೆಗೆ ಊಟಕ್ಕೆ ಬಡಿಸಿ, ರೊಟ್ಟಿಯ ಮೇಲೆ ಆಕೆಯ ಕೈ ಇಡಿಸುವಾಗ ತಡೆಯಲಾಗಲಿಲ್ಲ.

"ಅಕ್ಕ, ಆ ಚೀಟ್ಯಾಗ ವಾರದೊಳಗ ಅಂತ ಬರದಿದ್ರು. ನಾ ಓದಿದ್ದೆ. ನಿನಗ ಹೇಳ್ಲಿಲ್ಲ."

ಆಕೆ ರೊಟ್ಟಿ ಮುರಿದಳು.

"ಡಾಕ್ಟರ್ ನನಗೂ ಬಾಯಿಲೆ ಹೇಳಿದ್ರು. ವಾರದಾಗ ಬಾರಮ್ಮ, ಇಲ್ಲಂದ್ರ ಹೋಗ್ತೈತಿ ಅಂತ."

"ಮತ್ತ ಯಾಕ ಚೀಟಿ ಓದು ಅಂದಿ?"

"ನೀ ಏನಂತೀ ನೋಡೋಣ ಅಂತ."

ಅದರಲ್ಲಿ ಸಿಟ್ಟಿರಲಿಲ್ಲ. ನೀರು ಕೇಳಿದಳು, ಕೊಟ್ಟೆ. ಇನ್ನೊಂದು ರೊಟ್ಟಿ ಹಾಕಲೇ ಎಂದೆ, ಸಾಕು ಎಂದಳು. ಈ ವಿಷಯವನ್ನು ಆಕೆ ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಕೆಲವು ದಿನ ಅಂಗಡಿಗೆ ಬಂದು ಕೂತಳು. ಹಳೆಯ ಗಿರಾಕಿಗಳು ಅಭ್ಯಾಸಬಲದಿಂದ ಸೀರೆಯನ್ನು ಆಕೆಯ ಮುಂದೆಯೇ ಹಿಡಿಯುತ್ತಿದ್ದರು. ಆಕೆ ಬಟ್ಟೆ ಮುಟ್ಟಿ, ರೇಷ್ಮೆಯೋ ಹತ್ತಿಯೋ ಮಿಶ್ರಣವೋ ಹೇಳುತ್ತಿದ್ದಳು. ಬಣ್ಣ ಕೇಳಿದರೆ, "ಆಕಿಗೆ ತೋರಿಸ್ರಿ," ಎಂದು ನಾನು ನಿಂತಿರಬಹುದಾದ ಕಡೆ ಕೈ ಮಾಡುತ್ತಿದ್ದಳು. ಒಮ್ಮೆ ನಾನು ಗೋದಾಮಿನಲ್ಲಿದ್ದೆ, ಆಕೆ ಕೈ ಮಾಡಿದ ಕಡೆ ಗೋಡೆಯಿತ್ತು. ಗಿರಾಕಿ ನಕ್ಕುಬಿಟ್ಟಳಂತೆ. ಮರುದಿನದಿಂದ ಅಕ್ಕ ಬರಲಿಲ್ಲ.

ಹನ್ನೊಂದು ತಪ್ಪು ನಂಬರುಗಳನ್ನು ನಾನು ಊರೂರಿಗೆ ಹೋಗಿ ತಿದ್ದಿದೆ. ಎಲ್ಲ ಟೇಲರುಗಳಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಇಬ್ಬರು ಪುಸ್ತಕ ಹಿಂದಿರುಗಿಸಿದರು. ಸಿರುಗುಪ್ಪದ ಹಿರಿಯ ಟೇಲರ್ "ಆ ತಾಯಿ ಕಣ್ಣು ಹೋದ್ವೇನ್ರಿ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಹೊಸ ಥಾನು ಬಂದರೆ ನಾನೊಮ್ಮೆ ನೋಡಿ, ಕುರುಗೋಡಿನ ಟೇಲರಮ್ಮನಿಗೆ ಹಳೆಯ ತುಂಡು, ಹೊಸ ತುಂಡು ಎರಡನ್ನೂ ಕಳಿಸಿ, ಆಕೆ ಹೂಂ ಎಂದ ಮೇಲೆಯೇ ಕತ್ತರಿ ಹಾಕುತ್ತೇನೆ. ಕೆಲಸ ನಿಧಾನ, ಆದರೆ ಬಟ್ಟೆ ವಾಪಸು ಬರುವುದಿಲ್ಲ. ಓಣಿಯಲ್ಲಿ ಎರಡು ಸೀರೆ ಅಂಗಡಿ ಮುಚ್ಚಿದವು, ನಮ್ಮದು ನಡೆಯುತ್ತಿದೆ. ದೊಡ್ಡ ಕಂಪನಿಗಳ ಎದುರು ಹೇಗೆ ನಿಂತಿರಿ ಎಂದು ಬೇರೆ ಅಂಗಡಿಯವರು ಬಂದು ಕೇಳುತ್ತಾರೆ. ಪುಸ್ತಕ ತೋರಿಸುತ್ತೇನೆ, ಬಸ್ಸಿನ ಹೊತ್ತು ಹೇಳುತ್ತೇನೆ. ಅದನ್ನು ಮಾಡಿದವಳು ಎಲ್ಲಿ ಎಂದು ಯಾರೂ ಕೇಳಿಲ್ಲ, ನಾನಾಗಿ ಹೇಳುವ ಧೈರ್ಯ ಇಷ್ಟು ದಿನ ಇರಲಿಲ್ಲ.

ಬಲಗಣ್ಣಿನ ಚಿಕಿತ್ಸೆಗಾಗಿ ಒಂದು ವರ್ಷ ಮಂಗಳವಾರ ಅಂಗಡಿ ತೆಗೆಯಲಿಲ್ಲ. ಆಸ್ಪತ್ರೆಗೆ ಹೋಗುವ ಸರದಿ ಇರಲಿ, ಇಲ್ಲದಿರಲಿ, ಆ ದಿನ ಆಕೆಯದು ಎಂದು ನಾನೇ ಮಾಡಿಕೊಂಡ ನಿಯಮ. ಮದುವೆಯ ಸೀಸನ್ನಿನಲ್ಲೂ ತೆಗೆಯಲಿಲ್ಲ. ಟೇಲರುಗಳು ಗೊಣಗಿದರು, ಆಮೇಲೆ ಹೊಂದಿಕೊಂಡರು.

ಕಳೆದ ತಿಂಗಳು ಡಾಕ್ಟರ್ ಆ ಕಣ್ಣಿನೊಳಗೆ ಬಹಳ ಹೊತ್ತು ದೀಪ ಬಿಟ್ಟು ನೋಡಿ, ಇನ್ನು ಬರುವ ಅಗತ್ಯವಿಲ್ಲ ಎಂದರು. ವಾಸಿಯಾಗಿದೆ ಎಂಬ ಅರ್ಥದಲ್ಲಿ ಅವರು ಹೇಳಲಿಲ್ಲ. ನಾನು ಅಕ್ಕನ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿ ಆಟೋದಲ್ಲಿ ಕೂರಿಸಿದೆ. ಆಟೋ ಕೌಲ್ ಬಜಾರಿನ ಕಡೆ ತಿರುಗಿತು. ಆಕೆ ನನ್ನ ಕೈ ಹುಡುಕಿ ಹಿಡಿದುಕೊಂಡು ಕೇಳಿದಳು.

"ಹಂಗಾದ್ರ ಇನ್ನ ಮ್ಯಾಲೆ ಮಂಗಳವಾರನೂ ಅಂಗಡಿ ತೆಗಿಬಹುದಲ್ಲ?"